ನ್ಯೂಯಾರ್ಕಿನಲ್ಲೊಂದು ಖೋಲಿ: ವಿದ್ಯಾರ್ಥಿ ಅಂಬೇಡ್ಕರರ ಕಥೆ

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಈ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಗುರುಗಳು ಕೇಳಿದಾಗ, ನಾನು ಕಂಪ್ಯೂಟರ್ ಬಗ್ಗೆ ಬರೆಯುತ್ತೇನೆಂದು ಅವರು ಅಂದುಕೊಂಡಿರಬಹುದು. ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿ ದುಡಿಯುತ್ತಿರುವ ನನ್ನಿಂದ ಅದನ್ನೇ ನಿರೀಕ್ಷಿಸುವುದು ಸಹಜ. ಆದರೆ ಈಚಿನ ಕೆಲವು ವರ್ಷಗಳಿಂದ ನಮ್ಮೂರಿನ ತಂದೆತಾಯಿಗಳು, ನಮ್ಮ ಶಾಲೆಯಲ್ಲಿ ಕಲಿತ ತಮ್ಮ ತಂಗಿಯಂದಿರು ನನ್ನನ್ನು ಕೇಳುವ ಪ್ರಶ್ನೆಗಳು ಕಂಪ್ಯೂಟರಿಗೆ ಸಂಬಂಧಿಸಿದವಲ್ಲ. ಮಗ ಎಂ.ಎಸ್. ಓದಲು ಅಮೆರಿಕಕ್ಕೆ ಹೊರಟಿದ್ದಾನೆ, ಮಗಳಿಗೆ ಜರ್ಮನಿಯಲ್ಲಿ ಸೀಟು ಸಿಕ್ಕಿದೆ. ಅಲ್ಲಿ ಇರಲಿಕ್ಕೆ ಖೋಲಿ ಸಿಗುತ್ತದೆಯೇ, ಊಟಕ್ಕೆ ಏನು ಮಾಡಬೇಕು, ಕೈಯಲ್ಲಿರುವ ಹಣ ಸಾಲುತ್ತದೆಯೇ, ಜೊತೆಗೆ ಯಾರಾದರೂ ಇರುತ್ತಾರೆಯೇ. ಸುತ್ತಿ ಬಳಸಿ ಪ್ರಶ್ನೆ ಈ ನಾಲ್ಕೇ.

ನೂರು ವರ್ಷಕ್ಕೂ ಹಿಂದೆ ಈ ನಾಲ್ಕೂ ಪ್ರಶ್ನೆಗಳನ್ನು ಹೊತ್ತು ನ್ಯೂಯಾರ್ಕಿನಲ್ಲಿ ಇಳಿದ ಒಬ್ಬ ಹುಡುಗನ ಕಥೆಯನ್ನೇ ನಾನು ಅವರಿಗೆ ಹೇಳುತ್ತೇನೆ. ಆ ಹುಡುಗನನ್ನು ನಾವೆಲ್ಲ ಬಲ್ಲೆವು. ನೀಲಿ ಕೋಟು ತೊಟ್ಟು, ಕೈಯಲ್ಲಿ ಪುಸ್ತಕ ಹಿಡಿದು, ಬೆರಳು ಮುಂದಕ್ಕೆ ಚಾಚಿ ನಿಂತ ಅವರ ಪ್ರತಿಮೆ ಊರೂರಿನಲ್ಲಿದೆ. ಪ್ರತಿ ಏಪ್ರಿಲ್ 14ರಂದು ಶಾಲೆಯಲ್ಲಿ ಅವರ ಫೋಟೋಕ್ಕೆ ಹಾರ ಹಾಕುತ್ತೇವೆ. ಸಂವಿಧಾನದ ಶಿಲ್ಪಿ ಎಂದು ಪರೀಕ್ಷೆಯಲ್ಲಿ ಬರೆಯುತ್ತೇವೆ. ಆದರೆ ಪರಸ್ಥಳದಲ್ಲಿ ಖೋಲಿ ಹುಡುಕಿದ, ಊಟ ಸೇರದೆ ಒದ್ದಾಡಿದ, ತಿಂಗಳ ಹಣವನ್ನು ಎಣಿಸಿ ಎಣಿಸಿ ಖರ್ಚು ಮಾಡಿದ ವಿದ್ಯಾರ್ಥಿ ಅಂಬೇಡ್ಕರರು ನಮಗೆ ಅಷ್ಟಾಗಿ ಗೊತ್ತಿಲ್ಲ. ಅವರನ್ನು ನಮ್ಮ ಶಾಲೆಯ ಮಕ್ಕಳಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ಭೀಮರಾವ್ ಹುಟ್ಟಿದ್ದು 1891ರ ಏಪ್ರಿಲ್ 14ರಂದು, ಈಗಿನ ಮಧ್ಯಪ್ರದೇಶದ ಮಹೂ ಎಂಬ ದಂಡಿನ ಊರಿನಲ್ಲಿ. ಮೂಲ ಊರು ಕೊಂಕಣದ ರತ್ನಾಗಿರಿ ಜಿಲ್ಲೆಯ ಅಂಬಡವೆ. ತಂದೆ ರಾಮಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರರು, ತಾಯಿ ಭೀಮಾಬಾಯಿ. ಮನೆಯ ಮಕ್ಕಳಲ್ಲಿ ಹದಿನಾಲ್ಕನೆಯವರು. ಮಹಾರ್ ಜಾತಿಯಲ್ಲಿ ಹುಟ್ಟಿದ ಕಾರಣಕ್ಕೆ ಸಾತಾರೆಯ ಶಾಲೆಯಲ್ಲಿ ಅವರು ಎಲ್ಲರ ಜೊತೆ ಕೂಡುವಂತಿರಲಿಲ್ಲ. ಮನೆಯಿಂದ ಒಂದು ಗೋಣಿತಟ್ಟು ಒಯ್ದು, ಅದರ ಮೇಲೆ ಬೇರೆ ಕೂತು, ಸಂಜೆ ಅದನ್ನು ಮಡಚಿಕೊಂಡು ಮನೆಗೆ ತರಬೇಕು. ಬಾಯಾರಿದರೆ ನಲ್ಲಿ ಮುಟ್ಟುವಂತಿಲ್ಲ, ಶಾಲೆಯ ಜವಾನ ಬಂದು ನಲ್ಲಿ ತಿರುಗಿಸಬೇಕು. ಜವಾನ ಇಲ್ಲದ ದಿನ ನೀರಿಲ್ಲ. ನಮ್ಮ ಶಾಲೆಯ ನೀರಿನ ಟಾಕಿಯ ಮುಂದೆ ಮಧ್ಯಾಹ್ನ ನೂಕಾಡುತ್ತ ನೀರು ಕುಡಿದ ನಮಗೆ ಇದನ್ನು ಊಹಿಸಿಕೊಳ್ಳುವುದೂ ಕಷ್ಟ.

ಮುಂದೆ ಕುಟುಂಬ ಮುಂಬಯಿಗೆ ಬಂತು. ಭೀಮರಾವ್ ಕಂಡ ಮೊದಲ ದೊಡ್ಡ ಪಟ್ಟಣ ಅದು. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಿಂದ ಮುಂಬಯಿ ಪ್ರಾಂತಕ್ಕೆ ಸೇರಿತ್ತು; ಹೀಗಾಗಿ ನಮ್ಮ ಮುತ್ತಜ್ಜಂದಿರಿಗೂ ರಾಜಧಾನಿ ಎಂದರೆ ಅದೇ ಮುಂಬಯಿ. ಪರೇಲಿನ ಗಿರಣಿ ಕಾರ್ಮಿಕರ ನಡುವೆ, ದಬಕ್ ಚಾಳಿನ ಒಂದೇ ಒಂದು ಖೋಲಿಯಲ್ಲಿ ಇಡೀ ಸಂಸಾರ. ಅಡುಗೆ, ಪಾತ್ರೆ, ಬೀಸುಕಲ್ಲು, ಕಟ್ಟಿಗೆ, ಮಲಗುವ ಜನ ಎಲ್ಲ ಅದರಲ್ಲೇ. ಓದಲು ಜಾಗವಿಲ್ಲದ್ದಕ್ಕೆ ತಂದೆ ಒಂದು ಉಪಾಯ ಹೂಡಿದ್ದರು. ಮಗನನ್ನು ರಾತ್ರಿ ಬೇಗ ಮಲಗಿಸಿ ತಾವು ಎಚ್ಚರವಿರುತ್ತಿದ್ದರು. ನಡುರಾತ್ರಿ ಎರಡು ಗಂಟೆಗೆ ಅವನನ್ನು ಎಬ್ಬಿಸಿ, ಅವನು ಮಲಗಿದ್ದ ಜಾಗದಲ್ಲಿ ತಾವು ಮಲಗುತ್ತಿದ್ದರು. ಹುಡುಗ ಚಿಮಣಿ ದೀಪದ ಮುಂದೆ ಬೆಳಗಿನವರೆಗೆ ಓದಬೇಕು. ಹೀಗೆ ಓದಿ 1907ರಲ್ಲಿ ಎಲ್ಫಿನ್‌ಸ್ಟನ್ ಹೈಸ್ಕೂಲಿನಿಂದ ಮೆಟ್ರಿಕ್ ಪಾಸಾದರು. ಆ ಜಾತಿಯ ಹುಡುಗನೊಬ್ಬ ಮೆಟ್ರಿಕ್ ಪಾಸಾಗುವುದು ಆ ಕಾಲದಲ್ಲಿ ಸಭೆ ಕರೆದು ಸನ್ಮಾನಿಸುವಂಥ ಸಂಗತಿ. ಆ ಸಭೆಯಲ್ಲಿದ್ದ ಕೃಷ್ಣಾಜಿ ಅರ್ಜುನ ಕೆಳೂಸ್ಕರ್ ಎಂಬ ಹಿರಿಯರು ಬುದ್ಧನ ಜೀವನದ ಕುರಿತು ತಾವೇ ಬರೆದ ಮರಾಠಿ ಪುಸ್ತಕವನ್ನು ಹುಡುಗನಿಗೆ ಕೊಟ್ಟರು. ಬಡೋದೆಯ ಮಹಾರಾಜ ಸಯಾಜಿರಾವ್ ಗಾಯಕವಾಡರಿಗೆ ಅವನ ವಿಷಯ ತಿಳಿಸಿದವರೂ ಅವರೇ. ಮಹಾರಾಜರು ಕಾಲೇಜು ಓದಿಗೆ ತಿಂಗಳಿಗೆ 25 ರೂಪಾಯಿ ಕೊಟ್ಟರು. ಒಬ್ಬ ಶಿಕ್ಷಕ ಒಬ್ಬ ವಿದ್ಯಾರ್ಥಿಯನ್ನು ಗುರುತಿಸಿದ್ದರಿಂದ ಏನೇನು ಆಯಿತು ಎಂಬುದನ್ನು ನಮ್ಮ ಶಾಲೆಯ ಗುರುಗಳು ಗಮನಿಸಲಿ ಎಂದು ಈ ಮಾತನ್ನು ಇಲ್ಲಿ ಸೇರಿಸಿದ್ದೇನೆ.

1912ರಲ್ಲಿ ಬಿ.ಎ. ಓದು ಮುಗಿಯಿತು. 1913ರ ಆರಂಭದಲ್ಲಿ ಭೀಮರಾವ್ ಬಡೋದೆಯಲ್ಲಿ ನೌಕರಿಗೆ ಸೇರಿದರು. ಕೆಲವೇ ದಿನಗಳಲ್ಲಿ ತಂದೆಯ ಕಾಯಿಲೆಯ ಸುದ್ದಿ ಬಂದು ಮುಂಬಯಿಗೆ ಮರಳಬೇಕಾಯಿತು. ಫೆಬ್ರವರಿ 2ರಂದು ತಂದೆ ತೀರಿಕೊಂಡರು. ಮನೆಯಲ್ಲಿ ಹೆಂಡತಿ ರಮಾಬಾಯಿ, ಕೈಗೂಸು ಯಶವಂತ, ಉಳಿದ ಬಳಗ. ದುಡಿಯುವ ಕೈ ಬೇಕಾಗಿದ್ದ ಆ ಹೊತ್ತಿನಲ್ಲೇ ವಿದೇಶದಲ್ಲಿ ಓದುವ ಅವಕಾಶ ಎದುರಾಯಿತು. ಆಯ್ದ ಕೆಲವು ವಿದ್ಯಾರ್ಥಿಗಳನ್ನು ಬಡೋದೆ ಸಂಸ್ಥಾನ ಅಮೆರಿಕಕ್ಕೆ ಕಳಿಸುವುದಿತ್ತು. ಮೂರು ವರ್ಷ, ತಿಂಗಳಿಗೆ ಹನ್ನೊಂದೂವರೆ ಪೌಂಡ್. ಓದು ಮುಗಿದ ಮೇಲೆ ಹತ್ತು ವರ್ಷ ಸಂಸ್ಥಾನದ ಚಾಕರಿ ಮಾಡಬೇಕು. 1913ರ ಜೂನ್ 4ರಂದು ಭೀಮರಾವ್ ಆ ಕರಾರಿಗೆ ಸಹಿ ಹಾಕಿದರು. ಇಂದು ಎಜುಕೇಶನ್ ಲೋನಿನ ಕಾಗದಗಳಿಗೆ ಸಹಿ ಹಾಕುವಾಗ ನಮ್ಮ ಹುಡುಗರ ಕೈ ನಡುಗುವುದನ್ನು ಕಂಡಿದ್ದೇನೆ. ಅಂದಿನ ಕರಾರು ಇದಕ್ಕಿಂತ ಹಗುರವಾಗಿರಲಿಲ್ಲ.

ಜುಲೈ ಮೂರನೆಯ ವಾರ ಹಡಗು ನ್ಯೂಯಾರ್ಕ್ ಮುಟ್ಟಿತು. ಭೀಮರಾವ್ ಅವರಿಗೆ ಆಗ 22 ವರ್ಷ. 1910ರ ಜನಗಣತಿಯಲ್ಲೇ ಆ ಪಟ್ಟಣದ ಜನಸಂಖ್ಯೆ 47 ಲಕ್ಷ ದಾಟಿತ್ತು. ಜಗತ್ತಿನಲ್ಲೇ ಅತಿ ಎತ್ತರವಾಗಿದ್ದ, 792 ಅಡಿಯ ವುಲ್‌ವರ್ತ್ ಕಟ್ಟಡ ಅವರು ಬರುವ ಮೂರು ತಿಂಗಳ ಮೊದಲಷ್ಟೇ ಉದ್ಘಾಟನೆಯಾಗಿತ್ತು. ನೆಲದ ಕೆಳಗೆ ರೈಲು ಓಡುತ್ತಿತ್ತು. ಐದು ಸೆಂಟ್ ಕೊಟ್ಟರೆ ಪಟ್ಟಣದ ಉದ್ದಕ್ಕೂ ಹೋಗಬಹುದು. ಆ ರೈಲಿನ 116ನೆಯ ಬೀದಿಯ ನಿಲ್ದಾಣದಲ್ಲಿ ಇಳಿದು ಮೇಲೆ ಬಂದರೆ ಎದುರಿಗೇ ಕೊಲಂಬಿಯಾ ವಿಶ್ವವಿದ್ಯಾಲಯ.

ಮೊದಲು ಖೋಲಿಯ ಮಾತು. ಭೀಮರಾವ್ ಮೊದಲು ಇಳಿದುಕೊಂಡದ್ದು ವಿಶ್ವವಿದ್ಯಾಲಯದ ಹಾರ್ಟ್ಲಿ ಹಾಲ್ ಎಂಬ ಹಾಸ್ಟೆಲ್ಲಿನಲ್ಲಿ. ಅಲ್ಲಿ ಅವರು ಇದ್ದದ್ದು ಒಂದೇ ವಾರ. ಕಾರಣ ಊಟ. ಅಡುಗೆ ಸರಿಯಾಗಿ ಬೆಂದಿರುತ್ತಿರಲಿಲ್ಲ, ಹೆಚ್ಚಿನ ಪದಾರ್ಥಗಳಲ್ಲಿ ದನದ ಮಾಂಸ. ಅದು ಅವರಿಗೆ ಸೇರಲಿಲ್ಲ. ಅಲ್ಲಿಂದ ಹತ್ತಿರದ 114ನೆಯ ಬೀದಿಯ ಕಾಸ್ಮೊಪಾಲಿಟನ್ ಕ್ಲಬ್ಬಿಗೆ ಹೋದರು. ಅಲ್ಲಿ ಭಾರತದ ಕೆಲವು ವಿದ್ಯಾರ್ಥಿಗಳಿದ್ದರು. ಕೊನೆಗೆ ವಿಶ್ವವಿದ್ಯಾಲಯದ ಇನ್ನೊಂದು ಹಾಸ್ಟೆಲ್ಲಾದ ಲಿವಿಂಗ್‌ಸ್ಟನ್ ಹಾಲಿನಲ್ಲಿ ನವಲ್ ಭಾಥೇನಾ ಎಂಬ ಪಾರ್ಸಿ ಹುಡುಗನ ಜೊತೆಗಾರರಾಗಿ ನೆಲೆ ನಿಂತರು. ಮೂರನೆಯ ಜಾಗದಲ್ಲಿ ಮನಸ್ಸು ಕೂತಿತು. ಮೊದಲ ಖೋಲಿ ಹೊಂದಲಿಲ್ಲ, ಊಟ ಸೇರುತ್ತಿಲ್ಲ ಎಂದು ಮೊದಲ ವಾರವೇ ಕಣ್ಣೀರು ಹಾಕುವ ಹುಡುಗರಿಗೆ ನಾನು ಹೇಳುವುದು ಇಷ್ಟನ್ನೇ: ಅಂಬೇಡ್ಕರರಿಗೂ ಮೊದಲ ಖೋಲಿ ಹೊಂದಿರಲಿಲ್ಲ.

ಆದರೆ ಇಲ್ಲಿ ಗಮನಿಸಬೇಕಾದ ದೊಡ್ಡ ಸಂಗತಿ ಒಂದಿದೆ. ಈ ಮೂರು ಜಾಗಗಳಲ್ಲಿ ಯಾವುದನ್ನು ಬಿಡಬೇಕು, ಯಾವುದಕ್ಕೆ ಹೋಗಬೇಕು ಎಂಬುದನ್ನು ಅವರೇ ನಿರ್ಧರಿಸಿದರು. ಖೋಲಿ ಕೊಡುವ ಮುನ್ನ ಯಾರೂ ಅವರ ಜಾತಿ ಕೇಳಲಿಲ್ಲ. ಎಲ್ಲರ ಮೇಜಿನಲ್ಲೇ ಊಟ, ಎಲ್ಲರ ಬೆಂಚಿನಲ್ಲೇ ಪಾಠ, ಎಲ್ಲರ ಗ್ಲಾಸಿನಲ್ಲೇ ನೀರು. ಗೋಣಿತಟ್ಟು ಮಡಚಿಕೊಂಡು ಮನೆಗೆ ಹೋಗುತ್ತಿದ್ದ ಹುಡುಗನಿಗೆ ಇದು ಏನಾಗಿ ಕಂಡಿರಬೇಕು! ನಮ್ಮಂಥವರು ಪರದೇಶಕ್ಕೆ ಹೋದಾಗ ಮನೆಯ ನೆನಪಾಗಿ ಕುಗ್ಗುತ್ತೇವೆ. ಭೀಮರಾವ್ ಪರದೇಶಕ್ಕೆ ಹೋಗಿ ಮೊದಲ ಸಲ ನೆಟ್ಟಗೆ ನಿಂತರು.

ಹಾಗೆಂದು ಆ ಪಟ್ಟಣ ಎಲ್ಲರಿಗೂ ಸಮಾನವಾಗಿತ್ತು ಎಂದಲ್ಲ. ಕೊಲಂಬಿಯಾದ ಪಕ್ಕದಲ್ಲೇ ಹಾರ್ಲೆಮ್ ಇದೆ. ಅಮೆರಿಕದ ಕರಿಯ ಜನರಿಗೆ ಆ ಕಾಲದಲ್ಲಿ ಮನೆ, ಶಾಲೆ, ಹೋಟೆಲು ಎಲ್ಲದರಲ್ಲೂ ಬೇಲಿಗಳಿದ್ದವು. ಅಂಬೇಡ್ಕರರು ಆ ಸಾಮ್ಯವನ್ನು ಮರೆಯಲಿಲ್ಲ. ಎಷ್ಟೋ ವರ್ಷಗಳ ನಂತರ, 1946ರಲ್ಲಿ, ಕರಿಯ ಜನರ ನಾಯಕ ಡಬ್ಲ್ಯೂ. ಇ. ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದು, ನಿಮ್ಮವರ ಸ್ಥಿತಿಗೂ ನಮ್ಮವರ ಸ್ಥಿತಿಗೂ ಬಹಳ ಹೋಲಿಕೆಯಿದೆ ಎಂಬ ಅರ್ಥದ ಮಾತು ತಿಳಿಸಿದ್ದರು.

ಎರಡನೆಯದು ಹಣ. ಹನ್ನೊಂದೂವರೆ ಪೌಂಡ್ ಅಂದರೆ ಆಗಿನ ಲೆಕ್ಕಕ್ಕೆ ಸುಮಾರು 55 ಡಾಲರ್. ಅದರಲ್ಲೇ ವಾಸ, ಊಟ, ಬಟ್ಟೆ, ಪುಸ್ತಕ. ಅದರಲ್ಲೇ ಉಳಿಸಿ ಮನೆಗೂ ಕಳಿಸಬೇಕು. ಹೊಟ್ಟೆಗೆ ಕಡಿಮೆ ಮಾಡಿದರೇ ಹೊರತು ಪುಸ್ತಕಕ್ಕೆ ಕಡಿಮೆ ಮಾಡಲಿಲ್ಲ. ನ್ಯೂಯಾರ್ಕಿನ ಹಳೆಯ ಪುಸ್ತಕದ ಅಂಗಡಿಗಳನ್ನು ಸುತ್ತಿ ಸುಮಾರು ಎರಡು ಸಾವಿರ ಪುಸ್ತಕಗಳನ್ನು ಕೂಡಿಸಿದರು.

ಮೂರನೆಯದು ಓದು. ಕೊಲಂಬಿಯಾದಲ್ಲಿ ಅವರು ತೆಗೆದುಕೊಂಡ ವಿಷಯಗಳ ಲೆಕ್ಕ ಇಂದಿಗೂ ಇದೆ: ಅರ್ಥಶಾಸ್ತ್ರದಲ್ಲಿ 29, ಇತಿಹಾಸದಲ್ಲಿ 11, ಸಮಾಜಶಾಸ್ತ್ರದಲ್ಲಿ 6, ತತ್ವಶಾಸ್ತ್ರದಲ್ಲಿ 5, ಮಾನವಶಾಸ್ತ್ರದಲ್ಲಿ 4, ರಾಜ್ಯಶಾಸ್ತ್ರದಲ್ಲಿ 3; ಮೇಲೆ ಫ್ರೆಂಚ್ ಮತ್ತು ಜರ್ಮನ್ ಭಾಷೆಗಳ ಆರಂಭದ ಪಾಠ. ಒಂದು ಸೆಮಿಸ್ಟರಿನಲ್ಲಿ ನಾಲ್ಕೈದು ವಿಷಯ ಓದಿ ದಣಿದ ನನ್ನಂಥ ಇಂಜಿನಿಯರಿಗೆ ಈ ಪಟ್ಟಿ ನೋಡಿದರೇ ತಲೆ ತಿರುಗುತ್ತದೆ. ಅರ್ಥಶಾಸ್ತ್ರಕ್ಕೆ ಎಡ್ವಿನ್ ಸೆಲಿಗ್ಮನ್, ತತ್ವಶಾಸ್ತ್ರಕ್ಕೆ ಜಾನ್ ಡ್ಯೂಯಿ. ಪ್ರಜಾಪ್ರಭುತ್ವ ಎಂದರೆ ಮತ ಹಾಕುವ ಪದ್ಧತಿ ಮಾತ್ರವಲ್ಲ, ಜನ ಒಬ್ಬರೊಡನೊಬ್ಬರು ಕೂಡಿ ಬಾಳುವ ರೀತಿ ಎಂಬ ಡ್ಯೂಯಿಯವರ ವಿಚಾರ ಅಂಬೇಡ್ಕರರ ಬರಹಗಳಲ್ಲಿ ಕೊನೆಯವರೆಗೂ ಬರುತ್ತದೆ. 1915ರಲ್ಲಿ ಎಂ.ಎ. ಆಯಿತು, ಪ್ರಬಂಧದ ವಿಷಯ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮತ್ತು ಹಣಕಾಸು. 1916ರ ಮೇ 9ರಂದು ಮಾನವಶಾಸ್ತ್ರದ ಒಂದು ಗೋಷ್ಠಿಯಲ್ಲಿ ಭಾರತದ ಜಾತಿಗಳ ಹುಟ್ಟು ಮತ್ತು ಬೆಳವಣಿಗೆಯ ಬಗ್ಗೆ ಪ್ರಬಂಧ ಓದಿದರು. ಬಾಲ್ಯದಲ್ಲಿ ತನ್ನನ್ನು ಗೋಣಿತಟ್ಟಿನ ಮೇಲೆ ಕೂರಿಸಿದ್ದು ಯಾವುದು ಎಂಬ ಪ್ರಶ್ನೆಯನ್ನು, ಸಿಟ್ಟಿಲ್ಲದೆ, ಒಬ್ಬ ವಿಜ್ಞಾನಿ ಪ್ರಯೋಗಶಾಲೆಯಲ್ಲಿ ನೋಡುವಂತೆ ಅವರು ನೋಡಿದರು. ಆಗ ಅವರಿಗೆ 25 ವರ್ಷ.

ನಾಲ್ಕನೆಯದು ಜೊತೆಗಾರರು. ಆ ವರ್ಷಗಳಲ್ಲಿ ಲಾಲಾ ಲಜಪತರಾಯರು ನ್ಯೂಯಾರ್ಕಿನಲ್ಲಿದ್ದು ಸ್ವಾತಂತ್ರ್ಯ ಚಳವಳಿಗೆ ವಿದ್ಯಾರ್ಥಿಗಳನ್ನು ಕೂಡಿಸುತ್ತಿದ್ದರು. ನಮ್ಮ ಹುಬ್ಬಳ್ಳಿಯಲ್ಲಿ ಮುಂದೆ ಹಿಂದುಸ್ತಾನಿ ಸೇವಾದಳ ಕಟ್ಟಿದ ಡಾ. ನಾ. ಸು. ಹರ್ಡೀಕರರೂ ಅದೇ ಕಾಲದಲ್ಲಿ ಅಮೆರಿಕದಲ್ಲಿದ್ದರು. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದಿ, ನ್ಯೂಯಾರ್ಕಿನಲ್ಲಿ ಲಜಪತರಾಯರ ಜೊತೆ ದುಡಿದರು. ಲಜಪತರಾಯರು ಲೈಬ್ರರಿಯಲ್ಲಿ ಕಂಡ ಭೀಮರಾವ್ ಅವರನ್ನೂ ಕರೆದರು. ಓದಲೆಂದು ಮಹಾರಾಜರು ಹಣ ಕೊಟ್ಟು ಕಳಿಸಿದ್ದಾರೆ, ಮೊದಲು ಆ ಮಾತು ಉಳಿಸಿಕೊಳ್ಳಬೇಕು ಎಂದು ಇವರು ಒಪ್ಪಲಿಲ್ಲ. ಹರ್ಡೀಕರರು ತಮ್ಮ ದಾರಿಯಲ್ಲಿ ದೇಶಕ್ಕೆ ದುಡಿದರು, ಅಂಬೇಡ್ಕರರು ತಮ್ಮ ದಾರಿಯಲ್ಲಿ. ದೊಡ್ಡ ಪಟ್ಟಣದಲ್ಲಿ ಕರೆಯುವವರು ನೂರು ಜನ ಇರುತ್ತಾರೆ. ತಾನು ಯಾವುದಕ್ಕೆ ಬಂದಿದ್ದೇನೆ ಎಂಬುದು ತನಗೆ ಗೊತ್ತಿರಬೇಕು.

ಇನ್ನು ಊರಿನ ನೆನಪು. ಬಂದು ಮೂರು ವಾರ ಆಗುವುದರೊಳಗೆ, ಆಗಸ್ಟ್ ಮೊದಲ ವಾರ, ತಂದೆಯ ಸ್ನೇಹಿತರೊಬ್ಬರಿಗೆ ಭೀಮರಾವ್ ಪತ್ರ ಬರೆದರು. ಅಂಥ ಪತ್ರದಲ್ಲಿ ನಾವು ಏನು ಬರೆಯುತ್ತೇವೆ? ಕಟ್ಟಡಗಳು ಎಷ್ಟು ಎತ್ತರ, ಊಟ ಹೇಗಿದೆ, ಹವೆ ಹೇಗಿದೆ. ಅವರು ಬರೆದದ್ದು ಮಕ್ಕಳ ಬಾಳನ್ನು ತಂದೆತಾಯಿ ತಿದ್ದಬಲ್ಲರು ಎಂದು, ಗಂಡುಮಕ್ಕಳ ಜೊತೆ ಹೆಣ್ಣುಮಕ್ಕಳನ್ನೂ ಓದಿಸಿದರೆ ನಮ್ಮವರ ಏಳಿಗೆ ಬೇಗ ಆಗುತ್ತದೆ ಎಂದು. ಕಂಡದ್ದನ್ನೆಲ್ಲ ಊರಿಗೆ ಏನು ಒಯ್ಯಬಹುದು ಎಂಬ ಲೆಕ್ಕದಲ್ಲೇ ಅವರು ನೋಡುತ್ತಿದ್ದರು.

1916ರಲ್ಲಿ ನ್ಯೂಯಾರ್ಕ್ ಬಿಟ್ಟು ಲಂಡನ್ನಿಗೆ ಹೋದರು. ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್‌ನಲ್ಲಿ ಅರ್ಥಶಾಸ್ತ್ರ, ಗ್ರೇಸ್ ಇನ್‌ನಲ್ಲಿ ಕಾನೂನು, ಎರಡೂ ಒಟ್ಟಿಗೆ ಹಿಡಿದರು. ಅಷ್ಟರಲ್ಲಿ ವಿದ್ಯಾರ್ಥಿವೇತನದ ಅವಧಿ ಮುಗಿದು ಬಡೋದೆಯಿಂದ ಕರೆ ಬಂತು. ಮೊದಲ ಮಹಾಯುದ್ಧದ ಕಾಲ. ಸಾಮಾನು ಸರಂಜಾಮುಗಳನ್ನು ಬೇರೆ ಹಡಗಿನಲ್ಲಿ ಕಳಿಸಿದ್ದರು. ಟಾರ್ಪೆಡೊ ಬಡಿದು ಆ ಹಡಗು ಮುಳುಗಿತು. 1917ರ ಆಗಸ್ಟಿನಲ್ಲಿ ಅವರು ಮುಂಬಯಿಗೆ ಬಂದಿಳಿದರು, ಸೆಪ್ಟೆಂಬರಿನಲ್ಲಿ ಕರಾರಿನಂತೆ ಬಡೋದೆಗೆ ಹೋದರು.

ಈ ಕಥೆಯ ಅತಿ ಕಠಿಣ ಭಾಗ ಇಲ್ಲಿಂದ ಮುಂದಿದೆ. ನ್ಯೂಯಾರ್ಕಿನಲ್ಲಿ ಒಂದಾದ ಮೇಲೊಂದು ಮೂರು ಕಡೆ ಖೋಲಿ ಸಿಕ್ಕಿದ್ದ ಮನುಷ್ಯನಿಗೆ ಬಡೋದೆಯಲ್ಲಿ ಒಂದೂ ಸಿಗಲಿಲ್ಲ. ನಾಲ್ಕು ವರ್ಷ ಪರದೇಶದಲ್ಲಿದ್ದು ತಾವು ಅಸ್ಪೃಶ್ಯರೆಂಬುದೇ ಅವರಿಗೆ ಮರೆತುಹೋಗಿತ್ತಂತೆ. ಬಡೋದೆ ಸ್ಟೇಶನ್ನಿನಲ್ಲಿ ಇಳಿದ ಕೂಡಲೇ ನೆನಪಾಯಿತು. ಹಿಂದೂ ಹೋಟೆಲುಗಳಲ್ಲಿ ಜಾಗ ಸಿಗದು. ಪಾರ್ಸಿಗಳ ಒಂದು ವಸತಿಗೃಹಕ್ಕೆ ಹೋದರು. ಅದು ಪಾರ್ಸಿಗಳಿಗೆ ಮಾತ್ರ ಎಂದು ತಿಳಿದಾಗ, ನೋಡಿಕೊಳ್ಳುವವನ ಒಪ್ಪಿಗೆಯಿಂದಲೇ ರಿಜಿಸ್ಟರಿನಲ್ಲಿ ಪಾರ್ಸಿ ಹೆಸರು ಬರೆಸಿ, ದಿನಕ್ಕೆ ಒಂದೂವರೆ ರೂಪಾಯಿಗೆ ಅಲ್ಲಿದ್ದರು. ಮೇಲಿನ ಮಹಡಿ, ಕರೆಂಟ್ ಇಲ್ಲ, ಸುತ್ತ ಹಳೆಯ ಸಾಮಾನು, ಒಂದು ಲಾಟೀನು, ಮಾತಾಡಲು ಒಬ್ಬರೂ ಇಲ್ಲ. ಕಚೇರಿಯಲ್ಲಿ ಜವಾನರು ಕಡತಗಳನ್ನು ದೂರದಿಂದ ಮೇಜಿನ ಮೇಲೆ ಎಸೆಯುತ್ತಿದ್ದರು. ಹನ್ನೊಂದನೆಯ ದಿನ ಬೆಳಿಗ್ಗೆ ಕೋಲು ಹಿಡಿದ ಹತ್ತು ಹನ್ನೆರಡು ಜನ ಮೆಟ್ಟಿಲೇರಿ ಬಂದು, ಜಾಗ ಮೈಲಿಗೆ ಮಾಡಿದೆಯೆಂದು ಬೈದು, ಸಂಜೆಯೊಳಗೆ ಖಾಲಿ ಮಾಡುವಂತೆ ಗದರಿಸಿ ಹೋದರು. ಇಬ್ಬರು ಸ್ನೇಹಿತರನ್ನು ಕೇಳಿದರು, ಒಬ್ಬರು ಹಿಂದೂ, ಒಬ್ಬರು ಕ್ರೈಸ್ತರು. ಇಬ್ಬರಿಗೂ ಒಂದೊಂದು ಅಡಚಣೆ. ಕೊನೆಗೆ ಕಾಮಾಟಿ ಬಾಗ್ ಎಂಬ ತೋಟದಲ್ಲಿ ಮರದ ಕೆಳಗೆ ಕೂತು, ರಾತ್ರಿಯ ರೈಲಿಗೆ ಮುಂಬಯಿಗೆ ಹಿಂತಿರುಗಿದರು. ಕೊಲಂಬಿಯಾದ ಎಂ.ಎ. ಪಡೆದು, ಪಿಎಚ್.ಡಿ. ಪ್ರಬಂಧ ಒಪ್ಪಿಸಿ ಬಂದಿದ್ದ, ಮಹಾರಾಜರ ಕರೆಯ ಮೇರೆಗೆ ಬಂದಿದ್ದ ಅಧಿಕಾರಿಯ ಸ್ಥಿತಿ ಇದು.

ಈ ಪ್ರಸಂಗಗಳನ್ನು ಅಂಬೇಡ್ಕರರು ಒಂದು ಸಣ್ಣ ಆತ್ಮಕಥನದಲ್ಲಿ ಬರೆದಿಟ್ಟಿದ್ದಾರೆ. ಅದರ ಹೆಸರಿನ ಅರ್ಥ ವೀಸಾಕ್ಕಾಗಿ ಕಾಯುತ್ತ ಎಂದು. ನಮ್ಮ ಸಾಫ್ಟ್‌ವೇರ್ ಜನಕ್ಕೆ ವೀಸಾ ಕಾಯುವುದು ಹೊಸದಲ್ಲ. ಕಾನ್ಸುಲೇಟಿನ ಮುಂದೆ ಫೈಲು ಹಿಡಿದು ಸರದಿಯಲ್ಲಿ ನಿಂತಿದ್ದೇವೆ, ಪಾಸ್‌ಪೋರ್ಟ್ ಯಾವಾಗ ಬರುತ್ತದೋ ಎಂದು ದಿನ ಎಣಿಸಿದ್ದೇವೆ. ಆದರೆ ಆ ಪುಸ್ತಕ ಓದಿದಾಗ ತಿಳಿಯುತ್ತದೆ, ಅಲ್ಲಿ ಕಾಯುತ್ತಿರುವುದು ಪರದೇಶದ ವೀಸಾಕ್ಕಲ್ಲ. ತನ್ನದೇ ದೇಶದಲ್ಲಿ, ತನ್ನದೇ ಜನರ ನಡುವೆ ಒಳಗೆ ಬಾ ಎನ್ನಿಸಿಕೊಳ್ಳಲು ಒಬ್ಬ ಮನುಷ್ಯ ಕಾಯುತ್ತಿದ್ದಾನೆ.

ಇದು ಹಳೆಯ ಕಾಲದ ಮಾತು ಎಂದು ಪುಟ ತಿರುಗಿಸಬಾರದು. ನಾನು ಬೆಂಗಳೂರಿಗೆ ಬಂದ ಹೊಸದರಲ್ಲಿ ಬಾಡಿಗೆ ಮನೆ ಹುಡುಕಿ ಹೋದಾಗ, ಮಾಲೀಕರೊಬ್ಬರು ನನ್ನ ಸಂಬಳ ಕೇಳಲಿಲ್ಲ, ಕಂಪನಿ ಕೇಳಲಿಲ್ಲ. ಯಾವ ಊರು, ಏನು ತಿನ್ನುತ್ತೀರಿ, ನೀವು ಯಾವ ಜನ ಎಂದು ಕೇಳಿದರು. ಉತ್ತರ ಕೇಳಿದ ಮೇಲೆ ಮನೆ ಆಗಲೇ ಬೇರೆಯವರಿಗೆ ಮಾತಾಗಿದೆ ಎಂದರು. ಗೇಟಿನ ಮೇಲೆ ಬಾಡಿಗೆಗಿದೆ ಎಂಬ ಬೋರ್ಡು ಮುಂದಿನ ವಾರವೂ ಹಾಗೇ ತೂಗುತ್ತಿತ್ತು. ನನಗೆ ಬೇರೆ ಮನೆ ಸಿಕ್ಕಿತು, ಹೆಚ್ಚೇನೂ ನಷ್ಟವಾಗಲಿಲ್ಲ. ಆದರೆ ಕಾಮಾಟಿ ಬಾಗಿನ ಮರದ ಕೆಳಗೆ ಕೂತವರ ಬಗ್ಗೆ ಓದುವಾಗ ಆ ಗೇಟು ನನ್ನ ಕಣ್ಣ ಮುಂದೆ ಬರುತ್ತದೆ.

ಅಂಬೇಡ್ಕರರು ಅಲ್ಲಿಗೆ ಓದು ಬಿಡಲಿಲ್ಲ. 1918ರಲ್ಲಿ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಸಂಬಳದಲ್ಲಿ ಉಳಿಸಿದ ಹಣ, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಮತ್ತು ಐದು ಸಾವಿರ ರೂಪಾಯಿ ಸಾಲ, ಇಷ್ಟನ್ನು ಕೂಡಿಸಿಕೊಂಡು 1920ರಲ್ಲಿ ಮತ್ತೆ ಲಂಡನ್ನಿಗೆ ಹೊರಟರು. ಆ ಸಾಲ ಕೊಟ್ಟವರು ಯಾರು? ಲಿವಿಂಗ್‌ಸ್ಟನ್ ಹಾಲಿನಲ್ಲಿ ಜೊತೆಗಿದ್ದ ಅದೇ ನವಲ್ ಭಾಥೇನಾ. ಪಾರ್ಸಿಗಳ ವಸತಿಗೃಹದಿಂದ ಹೊರಗೆ ಹಾಕಿಸಿಕೊಂಡ ಮನುಷ್ಯನಿಗೆ ಓದು ಮುಂದುವರಿಸಲು ಕೈ ಕೊಟ್ಟದ್ದೂ ಒಬ್ಬ ಪಾರ್ಸಿ ಗೆಳೆಯನೇ. ಜನರನ್ನು ಜಾತಿಯಿಂದ ಅಳೆಯಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕೇ? ಹಾಸ್ಟೆಲ್ಲಿನ ಸ್ನೇಹ ಎಷ್ಟು ದೂರ ಬರುತ್ತದೆ ಎಂಬುದಕ್ಕೂ ಇದೇ ಸಾಕ್ಷಿ.

ಈ ಸಲದ ಲಂಡನ್ ವಾಸ ನ್ಯೂಯಾರ್ಕಿನಷ್ಟು ಸುಲಭವಾಗಿರಲಿಲ್ಲ. ಬೋರ್ಡಿಂಗ್ ಮನೆಯ ಬೆಳಗಿನ ತಿಂಡಿ ಅಂದರೆ ಒಂದು ತುಂಡು ಬ್ರೆಡ್ಡು, ಒಂದು ಕಪ್ಪು ಬಿಸಿ ಸಾರು. ಅಷ್ಟು ತಿಂದು ಬ್ರಿಟಿಷ್ ಮ್ಯೂಸಿಯಮ್ಮಿನ ಲೈಬ್ರರಿಗೆ ಹೋದರೆ ಬಾಗಿಲು ಹಾಕುವ ಹೊತ್ತಿಗೇ ಏಳುವುದು. ರಾತ್ರಿ ಹಸಿವಾದರೆ ಪರಿಚಯದವರೊಬ್ಬರು ಕೊಟ್ಟಿದ್ದ ಹಪ್ಪಳವನ್ನು ಸುಟ್ಟುಕೊಂಡು ತಿಂದು ಮತ್ತೆ ಪುಸ್ತಕ. ಇತ್ತ ಮುಂಬಯಿಯಲ್ಲಿ ರಮಾಬಾಯಿಯವರು ಬಡತನದಲ್ಲೇ ಸಂಸಾರ ತೂಗಿಸುತ್ತಿದ್ದರು. ವಿದೇಶದಲ್ಲಿ ಓದಿದವರ ಹೆಸರು ಎಲ್ಲರಿಗೂ ಗೊತ್ತಾಗುತ್ತದೆ, ಮನೆಯಲ್ಲಿ ಉಳಿದು ಅವರನ್ನು ಓದಿಸಿದವರ ಹೆಸರು ಹಿಂದೆ ಬೀಳುತ್ತದೆ. 1921ರಲ್ಲಿ ಎಂ.ಎಸ್ಸಿ., 1923ರಲ್ಲಿ ರೂಪಾಯಿಯ ಸಮಸ್ಯೆಯ ಮೇಲಿನ ಪ್ರಬಂಧಕ್ಕೆ ಡಿ.ಎಸ್ಸಿ., ಜೊತೆಗೆ ಬ್ಯಾರಿಸ್ಟರ್ ಪದವಿ. ಕೊಲಂಬಿಯಾದ ಪಿಎಚ್.ಡಿ. ವಿಧಿವತ್ತಾಗಿ ಕೈಗೆ ಬಂದದ್ದು 1927ರಲ್ಲಿ.

ಅದೇ 1927ರಲ್ಲಿ ಅವರು ಮಹಾಡದ ಚವದಾರ ಕೆರೆಯ ನೀರನ್ನು ಎಲ್ಲರೂ ಮುಟ್ಟುವಂತಾಗಲೆಂದು ಸತ್ಯಾಗ್ರಹ ಮಾಡಿದರು. ಮುಂದಿನದು ನಮ್ಮ ಪಠ್ಯಪುಸ್ತಕಗಳಲ್ಲಿದೆ: ದುಂಡುಮೇಜಿನ ಪರಿಷತ್ತು, ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷತೆ, ಕಾನೂನು ಮಂತ್ರಿ ಪದವಿ, 1956ರ ಅಕ್ಟೋಬರಿನಲ್ಲಿ ನಾಗಪುರದಲ್ಲಿ ಬೌದ್ಧ ದೀಕ್ಷೆ, ಅದೇ ವರ್ಷ ಡಿಸೆಂಬರ್ 6ರಂದು ನಿಧನ. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಅಂಗಡಿ, ಹೋಟೆಲು, ಬಾವಿ, ಕೆರೆಗಳಲ್ಲಿ ಜಾತಿ ಧರ್ಮಗಳ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ ಎಂದು 15ನೆಯ ವಿಧಿ ಹೇಳಿತು. ಆ ಸಾಲುಗಳನ್ನು ಓದುವಾಗ ಸಾತಾರೆಯ ನಲ್ಲಿ, ಬಡೋದೆಯ ಮಹಡಿ ಎರಡೂ ಅದರ ಹಿಂದೆ ಕಾಣುತ್ತವೆ.

1952ರ ಜೂನ್ 5ರಂದು ಕೊಲಂಬಿಯಾ ವಿಶ್ವವಿದ್ಯಾಲಯ ತನ್ನ ಹಳೆಯ ವಿದ್ಯಾರ್ಥಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 22ರ ವಯಸ್ಸಿನಲ್ಲಿ ಹೋಗಿದ್ದ ಊರಿಗೆ 61ರ ವಯಸ್ಸ��ನಲ್ಲಿ ಮತ್ತೆ ಹೋಗಿ ಅದನ್ನು ಸ್ವೀಕರಿಸಿದರು. ಈಗ ಅಲ್ಲಿನ ಲೇಮನ್ ಲೈಬ್ರರಿಯಲ್ಲಿ ಅವರ ಎದೆಮಟ್ಟದ ಪ್ರತಿಮೆಯಿದೆ. ಕಂಪನಿಯ ಕೆಲಸಕ್ಕೆಂದು ಕೆಲವು ತಿಂಗಳು ನಾನು ನ್ಯೂಜೆರ್ಸಿಯಲ್ಲಿದ್ದಾಗ ಒಂದು ರವಿವಾರ 116ನೆಯ ಬೀದಿಯಲ್ಲಿ ಇಳಿದು ಆ ಆವರಣದಲ್ಲಿ ಓಡಾಡಿದೆ. ಹಾರ್ಟ್ಲಿ ಹಾಲ್ ಇನ್ನೂ ಹಾಸ್ಟೆಲ್ಲಾಗಿಯೇ ಇದೆ. ಲಿವಿಂಗ್‌ಸ್ಟನ್ ಹಾಲಿಗೆ ಹೆಸರು ಬದಲಾಗಿದೆ, ಕಟ್ಟಡ ಇದೆ. ಸೂಟ್‌ಕೇಸ್ ಎಳೆದುಕೊಂಡು ಹೋಗುತ್ತಿದ್ದ ನಾನಾ ದೇಶದ ಹುಡುಗ ಹುಡುಗಿಯರನ್ನು ನೋಡಿದೆ.

ಆದರೆ ಅಂಬೇಡ್ಕರರ ಖೋಲಿಯನ್ನು ನೋಡಲು ಅಷ್ಟು ದೂರ ಹೋಗಬೇಕಿಲ್ಲ. ದಾಂಡೇಲಿಯಿಂದ ಒಂದೂವರೆ ತಾಸು ಬಸ್ಸಿನಲ್ಲಿ ಹೋದರೆ ಧಾರವಾಡ. 1928ರಲ್ಲಿ ಅವರು ದಲಿತ ವರ್ಗಗಳ ಶಿಕ್ಷಣಕ್ಕಾಗಿ ಒಂದು ಸಂಸ್ಥೆ ಕಟ್ಟಿ, ಪ್ರೌಢಶಾಲೆಯ ಮಕ್ಕಳಿಗೆ ವಸತಿ ನಿಲಯಗಳನ್ನು ತೆರೆಯಲು ಮುಂದಾದರು. ಅವುಗಳಲ್ಲಿ ಒಂದು ಧಾರವಾಡದಲ್ಲಿ 1929ರಲ್ಲಿ ಶುರುವಾಯಿತು. ತನಗೆ ಖೋಲಿ ಸಿಗದ ಮನುಷ್ಯ ಹಳ್ಳಿಯ ಮಕ್ಕಳಿಗೆ ಮೊದಲು ಮಾಡಿಕೊಟ್ಟದ್ದು ಖೋಲಿಯನ್ನೇ. ಪಾಠ ಹೇಳುವ ಶಾಲೆ ಊರಿನಲ್ಲಿದ್ದರೆ ಸಾಲದು. ಹೊರಗಿನಿಂದ ಬಂದ ಮಗುವಿಗೆ ಮಲಗಲು ಜಾಗ, ಹೊತ್ತಿಗೆ ಅನ್ನ, ಓದಲು ದೀಪ ಇಲ್ಲದಿದ್ದರೆ ಶಾಲೆಯ ಬಾಗಿಲು ತೆರೆದಿದ್ದೂ ಮುಚ್ಚಿದಂತೆಯೇ ಎಂದು ಅನುಭವದಿಂದ ಬಲ್ಲವರು ಅವರು.

ನನ್ನ ತರಗತಿಯಲ್ಲಿ ಜೋಯಿಡಾ ಕಡೆಯ ಕಾಡಿನೊಳಗಿನ ಹಳ್ಳಿಗಳಿಂದ ಬಂದ ಹುಡುಗರಿದ್ದರು. ಕುಣಬಿ, ಗೌಳಿ, ಸಿದ್ದಿ ಮನೆಗಳ ಮಕ್ಕಳು. ಸರಕಾರಿ ಹಾಸ್ಟೆಲ್ಲಿನಲ್ಲಿದ್ದು ಓದುತ್ತಿದ್ದರು. ಮನೆಯಲ್ಲಿ ಕೊಂಕಣಿಯನ್ನೋ ಮರಾಠಿಯನ್ನೋ ಆಡಿ ಬಂದ ಅವರಿಗೆ ತರಗತಿಯ ಕನ್ನಡವೂ ಹೊಸದು. ಅವರ ಪಾಲಿಗೆ ನಮ್ಮ ದಾಂಡೇಲಿಯೇ ನ್ಯೂಯಾರ್ಕ್. ಮಿಲ್ಲಿನ ಭೋಂಗಾ, ಸಂತೆಯ ಗದ್ದಲ, ಗುರುತಿಲ್ಲದ ಮುಖ, ಎಲ್ಲಕ್ಕೂ ಹೊಂದಿಕೊಂಡು ಅವರು ಓದಿದರು. ಆಗ ನಮ್ಮಲ್ಲಿ ಯಾರು ಬೆಂಚಿನಲ್ಲಿ ಜರುಗಿ ಜಾಗ ಕೊಟ್ಟರೋ, ಡಬ್ಬಿಯ ರೊಟ್ಟಿ ಹಂಚಿಕೊಂಡರೋ ಅವರೇ ಆ ಮಕ್ಕಳ ನವಲ್ ಭಾಥೇನಾ.

ದಾಂಡೇಲಿ ಎಂಬ ಊರೇ ಬಂದವರಿಂದ ಬೆಳೆದ ಊರು. ಕಾಗದದ ಮಿಲ್ಲು ಬಂದ ಮೇಲೆ ಆಂಧ್ರ, ಮಹಾರಾಷ್ಟ್ರ, ಕೇರಳ, ಉತ್ತರ ಭಾರತ, ನಮ್ಮದೇ ಬಯಲುಸೀಮೆ, ಎಲ್ಲಿಂದೆಲ್ಲ ಜನ ಬಂದರು. ನನ್ನ ಅಜ್ಜನೂ ಹಾಗೆ ಬಂದವರು, ಬಾಡಿಗೆಯ ಒಂದು ಖೋಲಿಯಲ್ಲಿ ಸಂಸಾರ ಹೂಡಿದವರು. ಮುಂಡಗೋಡಿಗೆ ಹೋದರೆ ದೇಶ ಬಿಟ್ಟು ಬಂದ ಟಿಬೆಟಿಯನ್ನರು ಮಠಗಳನ್ನು ಕಟ್ಟಿಕೊಂಡು ಮಕ್ಕಳಿಗೆ ವಿದ್ಯೆ ಕಲಿಸುತ್ತಿದ್ದಾರೆ. ಹೊಸ ಜಾಗಕ್ಕೆ ಬಂದು ನೆಲೆ ಕಾಣುವುದು ನಮ್ಮ ಭಾಗದ ಜನಕ್ಕೆ ಪುಸ್ತಕದ ವಿಷಯವಲ್ಲ, ಮನೆಯ ಕಥೆ.

ಆದ್ದರಿಂದ ಈಗ ನಮ್ಮ ಶಾಲೆಯಲ್ಲಿ ಓದುತ್ತಿರುವ ಮಕ್ಕಳಿಗೆ ಎರಡು ಮಾತು. ನೀವು ನಾಳೆ ಹುಬ್ಬಳ್ಳಿಗೋ ಬೆಂಗಳೂರಿಗೋ ಬರ್ಲಿನ್ನಿಗೋ ಓದಲು ಹೋದಾಗ ಮೊದಲ ಖೋಲಿ, ಮೊದಲ ಊಟ ಹೊಂದದಿದ್ದರೆ ಧೈರ್ಯಗೆಡಬೇಡಿ. ಎರಡನೆಯದು, ಮೂರನೆಯದು ಹೊಂದುತ್ತದೆ. ಮುಂದೊಂದು ದಿನ ನಿಮಗೆ ಸ್ವಂತ ಮನೆಯಾಗಿ, ಪರಊರಿನ ಹುಡುಗನೋ ಹುಡುಗಿಯೋ ಖೋಲಿ ಕೇಳಿಕೊಂಡು ಬಾಗಿಲಿಗೆ ಬಂದಾಗ, ಅವರ ಹೆಸರು ಕೇಳಿ, ಏನು ಓದುತ್ತಿದ್ದಾರೆಂದು ಕೇಳಿ, ಬಾಡಿಗೆ ಎಷ್ಟೆಂದು ಹೇಳಿ. ಅದಕ್ಕಿಂತ ಹೆಚ್ಚು ಏನನ್ನೂ ಕೇಳಬೇಡಿ.